ಟರಂಟುಲಾ ಸಾಕಿದರೆ ಅರ್ಜಿಯಲ್ಲಿ ಯಾವ ಹೆಸರು ಬರೆಯಬೇಕು?

ವಿದೇಶಿ ಪ್ರಾಣಿ ಸಾಕಿದವರು ಸರ್ಕಾರಕ್ಕೆ ಲೆಕ್ಕ ಕೊಡಬೇಕು ಎಂಬ ನಿಯಮ 2024ರಲ್ಲಿ ಬಂತು. ಆಗಿನಿಂದ ಅದರ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಕಾಣುತ್ತಲೇ ಇದೆ. ಗಿಳಿ ಸಾಕಿದವರು, ಇಗ್ವಾನಾ ಸಾಕಿದವರು ಒಮ್ಮೆ ಓದಿದರೆ ವಿಷಯ ತಿಳಿಯುತ್ತದೆ. ಟರಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ, ಸಾಕಿದವರಿಗೆ ಮಾತ್ರ ಓದಿದಷ್ಟೂ ತಲೆ ಕೆಡುತ್ತದೆ. ಅವರ ಡಬ್ಬಿಯ ಮೇಲೆ ಅಂಟಿಸಿರುವ ಹೆಸರು ಒಂದು, ಸರ್ಕಾರದ ಪಟ್ಟಿಯಲ್ಲಿ ಇರುವ ಹೆಸರು ಇನ್ನೊಂದು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮೂರನೆಯದೂ ಸಿಗುತ್ತದೆ.

ಬೆಳಗಾವಿಯಂಥ ಊರಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಪುಣೆ ಒಂದು ಕಡೆ, ಗೋವಾ ಇನ್ನೊಂದು ಕಡೆ, ಬೆಂಗಳೂರಿಗೆ ಹೆದ್ದಾರಿ. ಇಂಥ ಹವ್ಯಾಸಗಳು ಇಲ್ಲಿಗೆ ಬರುವುದು ಬೇರೆ ಊರಿನ ಮಾರಾಟಗಾರರ ಕೈಯಿಂದ, ಅವರು ಇಟ್ಟ ಹೆಸರಿನ ಜತೆಗೇ. ಜನ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಓದುತ್ತಾರೆ. ಮರಾಠಿಯಲ್ಲಿ ಜೇಡಕ್ಕೆ ‘ಕೋಳಿ’ ಅನ್ನುತ್ತಾರೆ. ಪಕ್ಕದ ಮನೆಯವರು ಕೋಳಿ ಸಾಕಿದ್ದಾರೆ ಅಂದರೆ ಏನು ತಿಳಿಯಬೇಕು, ಹೇಳಿ! ತಮಾಷೆ ಇರಲಿ. ಹೆಸರು ತಪ್ಪಾದರೆ ಕಾನೂನಿನ ಲೆಕ್ಕವೂ ತಪ್ಪುತ್ತದೆ, ಕೆಲವೊಮ್ಮೆ ಜೇಡದ ಜೀವವೂ ಹೋಗುತ್ತದೆ. ಅದು ಹೇಗೆ ಅಂತ ನೋಡೋಣ.

ಕಾನೂನು ಕೇಳುವುದೇನು

ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಅದು ಮುಖ್ಯವಾಗಿ ನಮ್ಮ ಕಾಡಿನ ಪ್ರಾಣಿಗಳಿಗಾಗಿ ಬರೆದದ್ದು. ಮೆಕ್ಸಿಕೋದ ಜೇಡ ಕಸ್ಟಮ್ಸ್ ದಾಟುವಾಗ ಸಿಕ್ಕಿಬಿದ್ದರೆ ಕೇಸು. ದಾಟಿ ಒಳಗೆ ಬಂದುಬಿಟ್ಟರೆ ಅದು ಯಾರ ಮನೆಯಲ್ಲಿದೆ, ಎಷ್ಟು ಮರಿ ಹಾಕಿತು ಎಂದು ಕೇಳುವ ಬಲವಾದ ಕಾನೂನು ಇರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಸಲಹೆ ಹೊರಡಿಸಿತು. ಆರು ತಿಂಗಳೊಳಗೆ ನೀವಾಗಿಯೇ ಘೋಷಿಸಿದರೆ ಹೇಗೆ ಬಂತು ಎಂಬ ದಾಖಲೆ ಕೇಳುವುದಿಲ್ಲ ಎಂದಿತು. ಅದು ಸಲಹೆ ಮಾತ್ರ, ಒತ್ತಾಯವಲ್ಲ.

2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಈ ತಿದ್ದುಪಡಿ ಸೈಟಿಸ್ ಒಪ್ಪಂದದ ಪಟ್ಟಿಯನ್ನು ಪರಿಶಿಷ್ಟ 4ರ ರೂಪದಲ್ಲಿ ನಮ್ಮ ಕಾಯ್ದೆಯೊಳಗೆ ತಂದಿತು. ಸೈಟಿಸ್ ಅಂದರೆ ಅಳಿವಿನ ಭಯವಿರುವ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ. ಭಾರತ ಅದಕ್ಕೆ ಸೇರಿದ್ದು 1976ರಲ್ಲಿ. ಮುಂದೆ 2024ರ ಫೆಬ್ರವರಿ 28ರಂದು ನೋಂದಣಿ ನಿಯಮ ಬಂತು. ಆಗಲೇ ಸಾಕುತ್ತಿದ್ದವರಿಗೆ ಆರು ತಿಂಗಳ ಗಡುವು. ಆಮೇಲೆ ಪಡೆದವರು 30 ದಿನದೊಳಗೆ ಅರ್ಜಿ ಹಾಕಬೇಕು. ಅರ್ಜಿ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಹೋಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಎಲ್ಲಾ ವಿದೇಶಿ ಪ್ರಾಣಿಗಳಿಗೂ ಈ ನೋಂದಣಿ ಬೇಕಿಲ್ಲ. ಪಟ್ಟಿಯಲ್ಲಿ ಇರುವ ಪ್ರಾಣಿಗಳಿಗೆ ಮಾತ್ರ ಬೇಕು. ಆ ಪಟ್ಟಿ ನಡೆಯುವುದು ವೈಜ್ಞಾನಿಕ ಹೆಸರಿನ ಮೇಲೆ. ಸೈಟಿಸ್ ಪಟ್ಟಿಯಲ್ಲಿ ಕುಟುಂಬದ ಹೆಸರಿನ ಜತೆ ‘ಟರಂಟುಲಾ’ ಎಂಬ ಸಾಮಾನ್ಯ ಹೆಸರು ಕಾಣುತ್ತದೆ ನಿಜ. ಆದರೆ ಅದು ಓದುವವರ ಅನುಕೂಲಕ್ಕೆ ಅಷ್ಟೇ ಎಂದು ಪಟ್ಟಿಯೇ ಹೇಳುತ್ತದೆ. ಲೆಕ್ಕಕ್ಕೆ ಬರುವುದು ಬ್ರಾಕಿಪೆಲ್ಮಾ, ಪೊಯಿಸಿಲೋಥೀರಿಯಾ, ಟ್ಲಿಲ್ಟೊಕಾಟ್ಲ್ ಎಂಬ ಕುಲದ ಹೆಸರುಗಳು. ಕುಲ ಅಂದರೆ ಹತ್ತಿರದ ಸಂಬಂಧವಿರುವ ಪ್ರಭೇದಗಳ ಗುಂಪು. ‘ರೆಡ್ ನೀ’, ‘ಕರ್ಲಿ ಹೇರ್’, ‘ಗೂಟಿ’ ಎಂದು ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಸಿಗಲಿಲ್ಲ ಅಂದರೆ ನನ್ನ ಜೇಡ ಪಟ್ಟಿಯಲ್ಲಿಲ್ಲ ಅಂತ ಅವರು ಸುಮ್ನೆ ಕೂತುಬಿಡುತ್ತಾರೆ. ತಪ್ಪು ಆಗುವುದು ಅಲ್ಲೇ. ಅದರಲ್ಲಿ ಕಳ್ಳತನದ ಉದ್ದೇಶ ಏನೂ ಇರಬೇಕಿಲ್ಲ.

ಎರಡು ಜೇಡ, ಒಂದೇ ‘ರೆಡ್ ನೀ’

ಟರಂಟುಲಾ ಹವ್ಯಾಸದಲ್ಲಿ ತುಂಬ ಜನಪ್ರಿಯ ಜೇಡ ಮೆಕ್ಸಿಕನ್ ರೆಡ್ ನೀ. ಕಪ್ಪು ಮೈ, ಮೊಣಕಾಲಿನ ಜಾಗದಲ್ಲಿ ಕಿತ್ತಳೆ ಕೆಂಪು. ಹೆಣ್ಣು 20 ವರ್ಷಕ್ಕೂ ಹೆಚ್ಚು ಬದುಕುತ್ತದೆ, ಸ್ವಭಾವ ಮೃದು. ಮೆಕ್ಸಿಕೋದ ಕಾಡಿನಿಂದ ಇದನ್ನು ಅತಿಯಾಗಿ ಹಿಡಿದು ಮಾರಿದ್ದರಿಂದ 1985ರಲ್ಲೇ ಸೈಟಿಸ್ ಪಟ್ಟಿಗೆ ಸೇರಿತು. ಆಗ ಅದರ ವೈಜ್ಞಾನಿಕ ಹೆಸರು ಬ್ರಾಕಿಪೆಲ್ಮಾ ಸ್ಮಿತೈ. ಪುಸ್ತಕಗಳಲ್ಲಿ, ಅಂಗಡಿಗಳಲ್ಲಿ, ಪ್ರಾಣಿ ಸಂಗ್ರಹಾಲಯಗಳಲ್ಲಿ ದಶಕಗಳ ಕಾಲ ಅದೇ ಹೆಸರು ನಡೆಯಿತು.

1997ರಲ್ಲಿ ಅದನ್ನೇ ಹೋಲುವ ಇನ್ನೊಂದು ಜೇಡಕ್ಕೆ ಬ್ರಾಕಿಪೆಲ್ಮಾ ಹಮೋರಿ ಎಂದು ಹೆಸರಿಟ್ಟರು. 2017ರಲ್ಲಿ ಮೆಕ್ಸಿಕೋದ ಇಬ್ಬರು ಸಂಶೋಧಕರು ಹಳೆಯ ಮಾದರಿಗಳನ್ನೂ ಡಿಎನ್‌ಎಯನ್ನೂ ಕೂಡಿಸಿ ನೋಡಿದರು. ಲೋಕವೆಲ್ಲ ಸ್ಮಿತೈ ಅಂದುಕೊಂಡು ಸಾಕಿದ್ದ ಜೇಡಗಳಲ್ಲಿ ಹೆಚ್ಚಿನವು ಹಮೋರಿ ಎಂದು ಗೊತ್ತಾಯಿತು. ನಿಜವಾದ ಸ್ಮಿತೈ ಇರುವುದು ಗೆರೆರೋ ರಾಜ್ಯದ ಕಡೆ. ಹಮೋರಿ ಇರುವುದು ಕೊಲಿಮಾ, ಹಲಿಸ್ಕೋ, ಮಿಚೋವಾಕಾನ್ ಕಡೆ. ಎರಡಕ್ಕೂ ಮಾರುಕಟ್ಟೆಯಲ್ಲಿ ‘ರೆಡ್ ನೀ’ ಎಂಬ ಒಂದೇ ಚೀಟಿ.

ಇದರಿಂದ ಏನಾಯಿತು? ಡಬ್ಬಿಯ ಮೇಲೆ ಎರಡಕ್ಕೂ ಒಂದೇ ಹೆಸರಿದ್ದರೆ ಸಾಕುವವರು ಒಂದರ ಗಂಡನ್ನು ಇನ್ನೊಂದರ ಹೆಣ್ಣಿನ ಹತ್ತಿರ ಬಿಡುವುದಕ್ಕೆ ಏನೂ ಅಡ್ಡಿ ಇಲ್ಲ. ಮರಿಗಳು ಹುಟ್ಟಿದರೆ ಅವು ಎರಡೂ ಅಲ್ಲದ ಮಿಶ್ರ. ಒಂದು ಮೊಟ್ಟೆಚೀಲದಲ್ಲಿ ನೂರಾರು ಮರಿ ಇರುತ್ತವೆ. ಅವನ್ನೂ ‘ರೆಡ್ ನೀ’ ಅಂತಲೇ ಮಾರುತ್ತಾರೆ. ಮುಂದೆ ಯಾವತ್ತಾದರೂ ಕಾಡಿನಲ್ಲಿ ಈ ಜೇಡ ಕಡಿಮೆಯಾಗಿ, ಸಾಕಿದ ಜೇಡಗಳನ್ನು ಅಲ್ಲಿಗೆ ಸೇರಿಸಬೇಕು ಎಂಬ ಮಾತು ಬಂದರೆ ಈ ಮಿಶ್ರ ತಳಿ ಉಪಯೋಗಕ್ಕೆ ಬಾರದು. ಲಕ್ಷ ಜೇಡ ಇದ್ದರೂ ಶುದ್ಧ ಜೇಡ ಯಾವುದು ಅಂತ ಹೇಳುವವರು ಇರುವುದಿಲ್ಲ.

ಕಾನೂನಿಗೆ ಮಾತ್ರ ಇಲ್ಲಿ ಏಟು ಬೀಳಲಿಲ್ಲ. ಯಾಕೆಂದರೆ 1994ರಲ್ಲಿ ಸೈಟಿಸ್ ಒಂದು ಜಾಣತನ ಮಾಡಿತ್ತು. ಒಂದೇ ಪ್ರಭೇದವನ್ನು ಬಿಟ್ಟು ಇಡೀ ಬ್ರಾಕಿಪೆಲ್ಮಾ ಕುಲವನ್ನೇ ಪಟ್ಟಿಗೆ ಸೇರಿಸಿತ್ತು. ಪಟ್ಟಿಯಲ್ಲಿ ಸ್ಮಿತೈ ಒಂದೇ ಇದ್ದಿದ್ದರೆ, 2017ರ ಮರುದಿನವೇ ವ್ಯಾಪಾರಿಗಳು ‘ನಮ್ಮದು ಸ್ಮಿತೈ ಅಲ್ಲ, ಹಮೋರಿ’ ಎಂದು ಕೈ ತೊಳೆದುಕೊಳ್ಳುತ್ತಿದ್ದರು. 2019ರಲ್ಲಿ ಜಿನೀವಾದ ಸಭೆಯಲ್ಲಿ ಭಾರತ, ಶ್ರೀಲಂಕಾದ ಪೊಯಿಸಿಲೋಥೀರಿಯಾ ಜೇಡಗಳನ್ನು ಸೇರಿಸುವಾಗಲೂ ಇಡೀ ಕುಲವನ್ನೇ ಹಾಕಿದರು. ಹಿಂದಿನ ಗೊಂದಲ ನೋಡಿದರೆ ಇದು ಸರಿಯಾದ ದಾರಿ ಅನ್ನಿಸುತ್ತದೆ.

ಎಲ್ಲವೂ ನೀಲಿ, ಒಂದೊಂದಕ್ಕೆ ಒಂದೊಂದು ಮನೆ

ಕಾನೂನು ಹಾಗಿರಲಿ, ಸಾಕುವ ವಿಷಯಕ್ಕೆ ಬರೋಣ. ನೀಲಿ ಟರಂಟುಲಾ ಬೇಕು ಎಂದು ಕೇಳಿದರೆ ಕನಿಷ್ಠ ಮೂರು ಉತ್ತರ ಸಿಗುತ್ತವೆ.

ಕೋಬಾಲ್ಟ್ ಬ್ಲೂ ಎಂಬುದು ಮ್ಯಾನ್ಮಾರ್, ಥಾಯ್ಲೆಂಡ್ ಕಡೆಯದು. ಆಳವಾದ ಬಿಲ ತೋಡಿ ತೇವದ ಮಣ್ಣಿನಲ್ಲಿ ಇರುತ್ತದೆ. ಸಿಟ್ಟು ಮೂಗಿನ ತುದಿಯಲ್ಲೇ. ಗ್ರೀನ್‌ಬಾಟಲ್ ಬ್ಲೂ ವೆನೆಜುವೆಲಾದ ಒಣ ಕುರುಚಲು ನೆಲದ್ದು. ನೆಲದ ಮೇಲೆ ದಟ್ಟವಾಗಿ ಬಲೆ ನೇಯುತ್ತದೆ. ಇದರ ಡಬ್ಬಿ ಒಣಗಿರಬೇಕು. ಗೂಟಿ ಸಫೈರ್, ಅಂದರೆ ಪೊಯಿಸಿಲೋಥೀರಿಯಾ ಮೆಟಾಲಿಕಾ, ಮರದ ಪೊಟರೆಯಲ್ಲಿ ವಾಸಿಸುವ ನಮ್ಮ ದಖ್ಖನ್ನಿನ ಜೇಡ. ಅದಕ್ಕೆ ಎತ್ತರದ ಡಬ್ಬಿ, ನಿಲ್ಲಿಸಿದ ತೊಗಟೆ ಬೇಕು.

‘ಬ್ಲೂ’ ಎಂಬ ಒಂದು ಪದ ನಂಬಿ ಒಣನೆಲದ ಜೇಡವನ್ನು ತೇವದ ಮಣ್ಣಲ್ಲಿ ಇಟ್ಟರೆ ಅದು ನರಳುತ್ತದೆ. ಬಿಲದ ಜೇಡಕ್ಕೆ ಮಣ್ಣೇ ಇಲ್ಲದ ಎತ್ತರದ ಡಬ್ಬಿ ಕೊಟ್ಟರೆ ಅದು ಬಿದ್ದು ಹೊಟ್ಟೆ ಒಡೆದುಕೊಳ್ಳಬಹುದು. ಟರಂಟುಲಾದ ಹೊಟ್ಟೆ ಅಷ್ಟು ಮೆತ್ತಗೆ. ಸಾಕುವವರ ಕೈಗೂ ಇಲ್ಲಿ ಅಪಾಯ ಬೇರೆ ಬೇರೆ. ಅಮೆರಿಕ ಖಂಡದ ಹೆಚ್ಚಿನ ಟರಂಟುಲಾಗಳ ಹೊಟ್ಟೆಯ ಮೇಲೆ ತುರಿಕೆ ಕೂದಲಿರುತ್ತದೆ. ಹೆದರಿದಾಗ ಅದನ್ನು ಕಾಲಿನಿಂದ ಉದುರಿಸುತ್ತವೆ. ಕಣ್ಣಿಗೆ ಹೋದರೆ ಕಷ್ಟ, ವಿಷ ಮಾತ್ರ ಸೌಮ್ಯ. ಏಷ್ಯಾ, ಆಫ್ರಿಕಾದ ಜೇಡಗಳಿಗೆ ಆ ಕೂದಲಿಲ್ಲ. ಅವು ನೇರವಾಗಿ ಕಚ್ಚುತ್ತವೆ. ಪೊಯಿಸಿಲೋಥೀರಿಯಾ ಕಚ್ಚಿ ಸತ್ತ ಖಚಿತ ದಾಖಲೆ ಇಲ್ಲ, ಆದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ‘ಬ್ಲೂ’ ಎಂಬ ಹೆಸರು ಬಣ್ಣ ಬಿಟ್ಟು ಇದ್ಯಾವುದನ್ನೂ ಹೇಳುವುದಿಲ್ಲ. ಕುಲದ ಹೆಸರು ಗೊತ್ತಿದ್ದರೆ ಇದೆಲ್ಲ ಒಂದೇ ಏಟಿಗೆ ಗೊತ್ತಾಗುತ್ತದೆ.

ಸಾಮಾನ್ಯ ಹೆಸರು ಊರನ್ನೂ ತಪ್ಪು ಹೇಳುತ್ತದೆ

ಗೂಟಿ ಜೇಡದ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗೂಟಿ ಅಂದರೆ ಆಂಧ್ರದ ಗುತ್ತಿ, ಗುಂತಕಲ್ ಹತ್ತಿರದ ಊರು. 1899ರಲ್ಲಿ ಬ್ರಿಟಿಷ್ ವಿಜ್ಞಾನಿ ಪೊಕಾಕ್ ಈ ಜೇಡಕ್ಕೆ ಹೆಸರಿಟ್ಟಾಗ ಅವರ ಬಳಿ ಇದ್ದ ಮಾದರಿ ಗುತ್ತಿಯ ರೈಲ್ವೆ ಕಟ್ಟಿಗೆ ಅಡ್ಡೆಯಲ್ಲಿ ಸಿಕ್ಕಿದ್ದು. ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಅದು ಬೀಳಲಿಲ್ಲ. 2001ರಲ್ಲಿ ಮತ್ತೆ ಸಿಕ್ಕಿದ್ದು ಗುತ್ತಿಯಲ್ಲಿ ಅಲ್ಲ, ನೂರು ಕಿಲೋಮೀಟರ್ ದೂರದ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ. ಮೊದಲ ಜೇಡ ಬಹುಶಃ ಕಟ್ಟಿಗೆ ಜತೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕು. ಪ್ರಯಾಣಿಕನನ್ನು ಇಳಿದ ಸ್ಟೇಷನ್ನಿನ ಹೆಸರಿನಿಂದಲೇ ಕರೆದಂತಾಯಿತು. ಇಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಮಾಡಿದ ಕೆಂಪು ಪಟ್ಟಿಯಲ್ಲಿ ಇದು ತೀವ್ರ ಅಳಿವಿನಂಚಿನ ಪ್ರಾಣಿ. ಆದರೂ ಲೋಕದ ತುಂಬ ಸಾಕುವವರ ಬಾಯಲ್ಲಿ ಅದು ‘ಗೂಟಿ’ಯೇ.

‘ಬರ್ಡ್‌ಈಟರ್’ ಎಂಬ ಹೆಸರೂ ಹಾಗೆಯೇ. 1705ರಲ್ಲಿ ಪ್ರಕಟವಾದ ಒಂದು ಚಿತ್ರದಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್‌ನ ಜೇಡವೊಂದು ಹಕ್ಕಿ ತಿನ್ನುತ್ತಿತ್ತು. ಅಲ್ಲಿಂದ ದೊಡ್ಡ ಜೇಡಗಳಿಗೆಲ್ಲ ಹಕ್ಕಿ ತಿನ್ನುವ ಪಟ್ಟ ಬಂತು. ನಿಜದಲ್ಲಿ ಅವುಗಳ ಊಟ ಹೆಚ್ಚಾಗಿ ಹುಳ, ಎರೆಹುಳು, ಕಪ್ಪೆ.

ಹಾಗಂತ ವೈಜ್ಞಾನಿಕ ಹೆಸರು ಸತ್ಯವನ್ನೇ ಹೇಳುತ್ತದೆ ಅಂದುಕೊಳ್ಳಬೇಡಿ. ಅದೇ ಚಿತ್ರದ ಪ್ರಭಾವದಿಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ‘ಅವಿಕುಲಾರಿಯಾ’ ಎಂದು ಹೆಸರಿಟ್ಟ. ಆ ಲ್ಯಾಟಿನ್ ಪದದಲ್ಲೂ ಹಕ್ಕಿಯೇ ಇದೆ. ಇನ್ನೂ ವಿಚಿತ್ರ ನೋಡಿ. ‘ಟರಂಟುಲಾ’ ಎಂಬ ಪದವನ್ನು ವೈಜ್ಞಾನಿಕ ಹೆಸರಿನಲ್ಲೇ ಹೊತ್ತಿರುವ ಲೈಕೋಸಾ ಟರಂಟುಲಾ ಎಂಬ ಜೇಡ ನಾವು ಹೇಳುವ ಟರಂಟುಲಾ ಅಲ್ಲವೇ ಅಲ್ಲ! ಅದು ಇಟಲಿಯ ಟರಾಂಟೋ ಕಡೆಯ ಒಂದು ತೋಳಜೇಡ. ಆದ್ದರಿಂದ ವೈಜ್ಞಾನಿಕ ಹೆಸರನ್ನು ವರ್ಣನೆ ಅಂತ ಓದಬಾರದು. ಅದು ಗುರುತು, ಅಷ್ಟೇ.

ಹಾಗಾದರೆ ವೈಜ್ಞಾನಿಕ ಹೆಸರು ಯಾಕೆ ಬದಲಾಗುತ್ತದೆ?

ಸಾಕುವವರ ದೊಡ್ಡ ದೂರು ಇದೇ. ‘ಶಾಶ್ವತ ಹೆಸರು ಅಂತೀರಿ, ಹತ್ತು ವರ್ಷದಲ್ಲಿ ಮೂರು ಸಲ ಬದಲಾಯಿಸ್ತೀರಿ’ ಅನ್ನುತ್ತಾರೆ. ದೂರಿನಲ್ಲಿ ಹುರುಳಿದೆ. ಕರ್ಲಿ ಹೇರ್ ಎಂಬ ಜೇಡ 1980ರಲ್ಲಿ ಹೆಸರು ಪಡೆದಾಗ ಬ್ರಾಕಿಪೆಲ್ಮಾ ಕುಲದಲ್ಲಿತ್ತು. 2020ರ ಹೊತ್ತಿಗೆ ಅದು ಟ್ಲಿಲ್ಟೊಕಾಟ್ಲ್ ಕುಲಕ್ಕೆ ಹೋಯಿತು. ಹಿಂದಿನ ಹೆಸರಿನ ಬಾಲ ‘ಅಲ್ಬೋಪಿಲೋಸಮ್’ ಇದ್ದದ್ದು ‘ಅಲ್ಬೋಪಿಲೋಸಸ್’ ಆಯಿತು, ಹೊಸ ಕುಲದ ಲಿಂಗಕ್ಕೆ ಹೊಂದಬೇಕಲ್ಲ. ಕೋಬಾಲ್ಟ್ ಬ್ಲೂ ಮೊದಲು ಹಾಪ್ಲೋಪೆಲ್ಮಾ ಆಗಿತ್ತು, ಆಮೇಲೆ ಸಿರಿಯೊಪಾಗೋಪಸ್ ಆಯಿತು. ಈ ಮಧ್ಯೆ ‘ಕರ್ಲಿ ಹೇರ್’ ಎಂಬ ಹೆಸರು ಕದಲಲಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಹೊಲದ ಲೆಕ್ಕ ನೋಡಿದರೆ ಸಾಕು. ಊರಲ್ಲಿ ಒಂದು ಹೊಲಕ್ಕೆ ‘ಹುಣಸೆಗಿಡದ ಹೊಲ’ ಅನ್ನುತ್ತಾರೆ. ಅಜ್ಜನ ಕಾಲದಿಂದ ಅದೇ ಹೆಸರು. ಗಿಡ ಬಿದ್ದು ಹೋದರೂ ಹೆಸರು ಹೋಗುವುದಿಲ್ಲ. ಆದರೆ ಸಾಲಕ್ಕೆ, ಖರೀದಿಗೆ ಹೋದರೆ ಬೇಕಾಗುವುದು ಪಹಣಿಯ ಸರ್ವೆ ನಂಬರು. ಅಣ್ಣತಮ್ಮಂದಿರು ಪಾಲಾಗಿ ಪೋಡಿ ಆದರೆ ನಂಬರು ಬದಲಾಗುತ್ತದೆ. 45 ಇದ್ದದ್ದು 45/1, 45/2 ಆಗುತ್ತದೆ. ಹೊಲ ಎಲ್ಲೂ ಹೋಗಿಲ್ಲ, ಅದರ ಬಗ್ಗೆ ನಮ್ಮ ಲೆಕ್ಕ ಇನ್ನೂ ಸೂಕ್ಷ್ಮವಾಯಿತು, ಅಷ್ಟೇ. ಹಳೆ ನಂಬರು ಯಾವುದು, ಹೊಸದು ಯಾವುದು ಅಂತ ದಾಖಲೆ ಇದ್ದರೆ ಜಗಳ ಬರುವುದಿಲ್ಲ.

ಜೇಡಗಳಿಗೆ ಅಂಥ ದಾಖಲೆ ಇದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ನಡೆಸುವ ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್ ಅದು. 2022ರಲ್ಲಿ ಅದರಲ್ಲಿನ ಜೇಡಗಳ ಲೆಕ್ಕ 50,000 ದಾಟಿತು. ಯಾವ ಹೆಸರು ಯಾವಾಗ ಯಾವುದಾಯಿತು ಎಂಬುದೆಲ್ಲ ಅದರಲ್ಲಿದೆ. ಹೆಸರಿನ ಮುಂದೆ ಬರೆಯುವ ವಿಜ್ಞಾನಿಯ ಹೆಸರು, ಇಸವಿ ಕೂಡ ಸುಮ್ನೆ ಇರುವುದಲ್ಲ. ಅವು ಕಂಸದೊಳಗೆ ಇದ್ದರೆ, ಆ ಜೇಡವನ್ನು ಮೊದಲು ಬೇರೆ ಕುಲದಲ್ಲಿ ಹೆಸರಿಸಿದ್ದರು ಎಂದು ಅರ್ಥ. ಆಗ ಹಳೆಯ ಹೆಸರನ್ನು ಹುಡುಕಬೇಕು ಎಂಬ ಸುಳಿವು ಅಲ್ಲೇ ಸಿಕ್ಕಿಬಿಡುತ್ತದೆ.

ಕುಲ ಬದಲಾದರೆ ಕಾನೂನಿನ ರಕ್ಷಣೆ ಹೋಗುತ್ತದೆಯೇ ಎಂಬುದು ಸಹಜ ಪ್ರಶ್ನೆ. ಹೋಗಲಿಲ್ಲ. ಬ್ರಾಕಿಪೆಲ್ಮಾದಿಂದ ಬೇರೆಯಾದ ಟ್ಲಿಲ್ಟೊಕಾಟ್ಲ್ ಹೆಸರೂ ಈಗ ಸೈಟಿಸ್ ಪಟ್ಟಿಯಲ್ಲಿದೆ. ತೊಂದರೆ ಬರುವುದು ನಡುವಿನ ಸಮಯದಲ್ಲಿ. ವಿಜ್ಞಾನ ಲೇಖನದಲ್ಲಿ ಇವತ್ತು ಹೆಸರು ಬದಲಾದರೆ ಸೈಟಿಸ್ ಅದನ್ನು ಒಪ್ಪುವುದಕ್ಕೆ ಸಮಯ ಬೇಕು. ಪ್ರತಿ ದೇಶದ ಕಾಯ್ದೆಯ ಪಟ್ಟಿ ತಿದ್ದುಪಡಿಯಾಗಲು ಇನ್ನೂ ಸಮಯ ಬೇಕು. ಆ ಅವಧಿಯಲ್ಲಿ ಅರ್ಜಿ ಹಾಕುವವನಿಗೆ ಕ್ಯಾಟಲಾಗಿನ ಹೆಸರು ಒಂದು, ಕಾಯ್ದೆಯ ಹೆಸರು ಇನ್ನೊಂದು ಕಾಣುತ್ತದೆ. ಎರಡನ್ನೂ ಬರೆದರೆ ತೀರಿತು.

ಚೆನ್ನೈ ಪಾರ್ಸೆಲ್: ಒಂದು ಅಕ್ಷರದ ಕಥೆ

2021ರ ಜುಲೈನಲ್ಲಿ ಚೆನ್ನೈನಲ್ಲಿ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡಿನಿಂದ ಬಂದ ಒಂದು ಅಂಚೆ ಪಾರ್ಸೆಲ್ ತೆರೆದರು. ಥರ್ಮೋಕೋಲ್ ಡಬ್ಬಿಯೊಳಗೆ ಹತ್ತಿ ಸುತ್ತಿದ 107 ಸಣ್ಣ ಪ್ಲಾಸ್ಟಿಕ್ ಸೀಸೆ. ಒಂದೊಂದರಲ್ಲೂ ಜೀವಂತ ಜೇಡ. ವನ್ಯಜೀವಿ ಅಪರಾಧ ನಿಯಂತ್ರಣ ದಳ ಮತ್ತು ಪ್ರಾಣಿ ಸರ್ವೇಕ್ಷಣಾ ಇಲಾಖೆಯ ತಜ್ಞರು ಬಂದು ನೋಡಿದರು. ಸುದ್ದಿಯಲ್ಲಿ ಬಂದ ಹೆಸರು ‘ಫೋನೊಪೆಲ್ಮಾ ಮತ್ತು ಬ್ರಾಕಿಪೆಲ್ಮಾ, ಸೈಟಿಸ್ ಪಟ್ಟಿಯಲ್ಲಿರುವ ಟರಂಟುಲಾಗಳು’.

ಫೋನೊಪೆಲ್ಮಾ ಎಂಬ ಟರಂಟುಲಾ ಕುಲ ಇಲ್ಲ. ಇರುವುದು ಅಫೋನೊಪೆಲ್ಮಾ. ಮೊದಲಿನ ಒಂದು ಅಕ್ಷರ ಎಲ್ಲೋ ಬಿದ್ದುಹೋಗಿ, ಪತ್ರಿಕೆಯಿಂದ ಪತ್ರಿಕೆಗೆ ಹಾಗೆಯೇ ಹರಿಯಿತು. ಇನ್ನೂ ಒಂದು ಸೂಕ್ಷ್ಮ ಇಲ್ಲಿದೆ. ಬ್ರಾಕಿಪೆಲ್ಮಾ ಪೂರ್ತಿ ಕುಲವೇ ಪಟ್ಟಿಯಲ್ಲಿದೆ, ಸರಿ. ಅಫೋನೊಪೆಲ್ಮಾ ಹಾಗಲ್ಲ. ಆ ದೊಡ್ಡ ಕುಲದಲ್ಲಿ ಪಟ್ಟಿಗೆ ಬಂದದ್ದು ಒಂದೆರಡು ಪ್ರಭೇದ ಮಾತ್ರ. ಹಾಗಾಗಿ ‘ಅಫೋನೊಪೆಲ್ಮಾ’ ಎಂದು ಕುಲ ಹೇಳಿ ನಿಲ್ಲಿಸಿದರೆ ಅದು ಪಟ್ಟಿಯಲ್ಲಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅನುಮತಿ ಇಲ್ಲದೆ ತರಿಸಿದ್ದು ಹೇಗೂ ತಪ್ಪೇ, ಆ ಮಾತು ಬೇರೆ. ಆದರೆ ಸುದ್ದಿ ಓದಿದವರಿಗೆ ‘ಈ ಕುಲದ್ದೆಲ್ಲ ನಿಷೇಧ’ ಎಂಬ ತಪ್ಪು ತಿಳಿವಳಿಕೆ ಉಳಿಯಿತು.

ಅಧಿಕಾರಿಗಳನ್ನು ಬೈದು ಪ್ರಯೋಜನವಿಲ್ಲ. ಟರಂಟುಲಾ ಮರಿ ಕೆಲವೇ ಮಿಲಿಮೀಟರ್ ಉದ್ದ ಇರುತ್ತದೆ. ಬಣ್ಣ ಇನ್ನೂ ಬಂದಿರುವುದಿಲ್ಲ. ಪ್ರಭೇದ ಖಚಿತವಾಗಬೇಕಾದರೆ ದೊಡ್ಡ ಹೆಣ್ಣಿನ ಒಳಗಿನ ವೀರ್ಯಕೋಶದ ಆಕಾರ, ಗಂಡಿನ ಪೆಡಿಪಾಲ್ಪ್ (ಬಾಯಿಯ ಪಕ್ಕದ, ಕಾಲಿನಂಥ ಅಂಗ) ತುದಿಯ ಭಾಗ ನೋಡಬೇಕು. ಇಲ್ಲವೇ ಡಿಎನ್‌ಎ. ಸೀಸೆಯ ಮೇಲಿನ ಚೀಟಿ ಬಿಟ್ಟರೆ ಆ ಹೊತ್ತಿಗೆ ಬೇರೆ ಆಧಾರವೇ ಇರುವುದಿಲ್ಲ. ಚೀಟಿ ಬರೆದವನು ಕಳ್ಳಸಾಗಣೆ ಮಾಡುವವನೇ ಆಗಿದ್ದರೆ?

ವಾದ ಮಾಡುವವರು ಏನನ್ನುತ್ತಾರೆ

ಒಂದು ಗುಂಪು ಲ್ಯಾಟಿನ್ ಹೆಸರೇ, ಅಂದರೆ ವೈಜ್ಞಾನಿಕ ಹೆಸರೇ ಬೇಕು ಅನ್ನುತ್ತದೆ. ಇವರಲ್ಲಿ ಹಳೆಯ ಹವ್ಯಾಸಿಗಳೇ ಜಾಸ್ತಿ. ‘ರೆಡ್ ನೀ’ ಅಂದರೆ ಅವರು ಉತ್ತರವನ್ನೇ ಕೊಡುವುದಿಲ್ಲ. ಅವರ ಕಾರಣ ಮೇಲೆ ಹೇಳಿದ್ದೇ. ಆದರೆ ಅವರ ಧೋರಣೆಯಲ್ಲಿ ಸ್ವಲ್ಪ ಬಿಗುಮಾನವೂ ಸೇರಿಕೊಳ್ಳುತ್ತದೆ. ಗೋಕಾಕಿನ ಹೈಸ್ಕೂಲು ಹುಡುಗನಿಗೆ ಜೇಡದ ಬಗ್ಗೆ ಆಸಕ್ತಿ ಹುಟ್ಟಿದರೆ ಅವನು ಮೊದಲು ಕೇಳುವುದು ಸಾಮಾನ್ಯ ಹೆಸರನ್ನೇ ಅಲ್ವಾ? ಅಲ್ಲೇ ಬಾಗಿಲು ಹಾಕಿದರೆ ಲಾಭ ಯಾರಿಗೆ?

ಸಾಮಾನ್ಯ ಹೆಸರೇ ಸಾಕು ಅನ್ನುವ ಇನ್ನೊಂದು ಗುಂಪಿನ ವಾದಕ್ಕೂ ತೂಕವಿದೆ. ವ್ಯಾಪಾರದ ಹೆಸರು ಕೆಲವೊಮ್ಮೆ ವಿಜ್ಞಾನಕ್ಕಿಂತ ಮುಂದೆ ಇರುತ್ತದೆ. ‘ಎಲೆಕ್ಟ್ರಿಕ್ ಬ್ಲೂ’ ಎಂಬ ಕಿಲೋಬ್ರಾಕಿಸ್ ಕುಲದ ಜೇಡವನ್ನು ಜನ ಮೊದಲೇ ಕೊಂಡು ಸಾಕುತ್ತಿದ್ದರು. ಅದಕ್ಕೆ ಕಿಲೋಬ್ರಾಕಿಸ್ ನಟನಿಚರಮ್ ಎಂಬ ಅಧಿಕೃತ ಹೆಸರು ಬಂದದ್ದು 2023ರಲ್ಲಿ, ಥಾಯ್ಲೆಂಡಿನ ಮಾದರಿಗಳಿಂದ. ಅಲ್ಲಿಯವರೆಗೆ ಮಾರುಕಟ್ಟೆಯ ಹೆಸರು ಬಿಟ್ಟರೆ ಅದಕ್ಕೆ ಬೇರೆ ಗುರುತೇ ಇರಲಿಲ್ಲ.

ಸಂರಕ್ಷಣೆಯವರದು ಬೇರೆಯೇ ಭಯ. ಹೊಸ ಪ್ರಭೇದಕ್ಕೆ ಹೆಸರಿಟ್ಟು, ಸಿಕ್ಕ ಜಾಗವನ್ನೂ ಅಚ್ಚು ಹಾಕಿದರೆ ಮರುದಿನ ಸಂಗ್ರಹಕಾರರು ಅಲ್ಲಿಗೆ ಹೋಗುತ್ತಾರೆ. ಅದಕ್ಕೇ ಕೆಲವು ಸಂಶೋಧಕರು ನಿಖರ ಜಾಗವನ್ನು ಬರೆಯುವುದಿಲ್ಲ. ಹೆಸರು ಎಷ್ಟು ಖಚಿತವೋ ಬೇಡಿಕೆಯೂ ಅಷ್ಟು ಹೆಚ್ಚು ಎಂಬುದು ಇವರ ಅನುಭವ. ಈ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ.

ನನ್ನ ಪ್ರಕಾರ ಈ ಜಗಳದಲ್ಲಿ ಅರ್ಧ ಅನಗತ್ಯ. ಮಾತಿನಲ್ಲಿ ಯಾವ ಹೆಸರಾದರೂ ನಡೆಯುತ್ತದೆ. ಅರ್ಜಿಯಲ್ಲಿ ಕನಿಷ್ಠ ಕುಲ ತಪ್ಪಾಗಬಾರದು, ಯಾಕೆಂದರೆ ಪಟ್ಟಿ ಹೆಚ್ಚಾಗಿ ಕುಲದ ಮೇಲೆ ನಿಂತಿದೆ. ಮರಿ ಮಾಡಿಸುವವನಿಗೆ ಮಾತ್ರ ಪ್ರಭೇದವೂ ಖಚಿತವಾಗಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಮರಿ ಮಾಡಿಸಬಾರದು. ಗೊತ್ತಿಲ್ಲ ಎಂದು ಬರೆಯುವುದಕ್ಕೆ ವಿಜ್ಞಾನದಲ್ಲೂ ದಾರಿ ಇದೆ. ಕುಲದ ಹೆಸರಿನ ಮುಂದೆ ‘ಎಸ್‌ಪಿ.’ ಎಂದು ಹಾಕಿದರೆ ಕುಲ ಗೊತ್ತು, ಪ್ರಭೇದ ತಿಳಿದಿಲ್ಲ ಎಂದರ್ಥ. ಅಂದಾಜಿನ ಪ್ರಭೇದ ಬರೆದು ಆಮೇಲೆ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಕನ್ನಡದಲ್ಲಿ ಬರೆಯುವಾಗ

ನಮ್ಮ ಪತ್ರಿಕೆಗಳಿಗೆ ಇಲ್ಲಿ ಒಂದು ವಿಶೇಷ ಕಷ್ಟವಿದೆ. ಬ್ರಾಕಿಪೆಲ್ಮಾ ಎಂದು ಒಬ್ಬರು ಬರೆದರೆ ಬ್ರಾಚಿಪೆಲ್ಮ ಎಂದು ಇನ್ನೊಬ್ಬರು. ಟರಂಟುಲಾ, ಟ್ಯಾರಂಟುಲಾ, ತರಂತುಲಾ ಎಲ್ಲವೂ ಇವೆ. ಓದಲು ಅಡ್ಡಿಯಿಲ್ಲ. ಆದರೆ ಕನ್ನಡ ಲೇಖನದಿಂದ ಹೆಸರು ತೆಗೆದು ಅರ್ಜಿಗೆ ಹಾಕಲು ಹೋದರೆ ಫೋನೊಪೆಲ್ಮಾದ ಗತಿಯೇ ಆಗುತ್ತದೆ. ಅರ್ಜಿಗೆ ರೋಮನ್ ಅಕ್ಷರದ ಹೆಸರನ್ನು ಕ್ಯಾಟಲಾಗಿನಿಂದಲೇ ನಕಲು ಮಾಡಬೇಕು, ಕಿವಿಗೆ ಕೇಳಿದಂತೆ ಬರೆಯಬಾರದು.

ಸುದ್ದಿಯ ಭಾಷೆಯೂ ಜಾಗ್ರತೆಯದಾಗಿರಬೇಕು. 2012ರಲ್ಲಿ ಅಸ್ಸಾಂನ ಸದಿಯಾದಲ್ಲಿ ಜೇಡ ಕಚ್ಚಿ ಇಬ್ಬರು ಸತ್ತರು ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ಅದು ಯಾವ ಜೇಡ ಎಂದು ದಿನಕ್ಕೊಂದು ಹೆಸರು. ಒಮ್ಮೆ ಟರಂಟುಲಾ, ಒಮ್ಮೆ ಆಸ್ಟ್ರೇಲಿಯಾದ ಫನೆಲ್ ವೆಬ್. ಸಾವಿಗೆ ಜೇಡವೇ ಕಾರಣ ಎಂಬುದು ಸಾಬೀತಾಗಲಿಲ್ಲ. ಭಯ ಮಾತ್ರ ಉಳಿಯಿತು. ನಮ್ಮ ಕಡೆಯೂ ಮಳೆಗಾಲದಲ್ಲಿ ಹೆಣ್ಣು ಹುಡುಕಿ ಹೊರಟ ಗಂಡು ಜೇಡ ಯಾರದೋ ಅಂಗಳಕ್ಕೆ ಬಂದರೆ ‘ಮಾರಣಾಂತಿಕ’ ಎಂಬ ಪದ ಬೇಗ ಬಂದುಬಿಡುತ್ತದೆ.

ಖಾನಾಪುರದ ಕಾಡಿನ ಜೇಡಕ್ಕೆ ಯಾವ ಲೆಕ್ಕ?

ಬೆಳಗಾವಿಯವರಿಗೆ ಈ ವಿಷಯ ಬರೀ ವಿದೇಶಿ ಪಾರ್ಸೆಲ್‌ಗೆ ಮುಗಿಯುವುದಿಲ್ಲ. ಖಾನಾಪುರ, ಜಾಂಬೋಟಿ, ಕಣಕುಂಬಿ ಪಶ್ಚಿಮ ಘಟ್ಟದ ಭಾಗ. ಘಟ್ಟದ ಮರಗಳಲ್ಲಿ ಪೊಯಿಸಿಲೋಥೀರಿಯಾ ಕುಲದ ಜೇಡಗಳಿವೆ, ಮಣ್ಣಿನ ದರೆಗಳಲ್ಲಿ ಬಿಲದ ಟರಂಟುಲಾಗಳಿವೆ. ವಿದೇಶದ ಮಾರುಕಟ್ಟೆಯಲ್ಲಿ ಇವಕ್ಕೆ ‘ಇಂಡಿಯನ್ ಆರ್ನಮೆಂಟಲ್’, ‘ಮೈಸೂರ್ ಆರ್ನಮೆಂಟಲ್’ ಎಂಬ ಚಂದದ ಹೆಸರುಗಳು. ಆರ್ನಮೆಂಟಲ್ ಅಂದರೆ ಅಲಂಕಾರದ ವಸ್ತು. ಕಾಡಿನ ಪ್ರಾಣಿಯನ್ನು ಶೋಕೇಸಿಗೆ ಇಳಿಸಲು ವ್ಯಾಪಾರ ಹೀಗೆ ಹೆಸರು ಹುಟ್ಟಿಸುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದರೆ ಕಾಡಿನಿಂದ ಹಿಡಿದು ತಂದದ್ದೂ ಸಕ್ರಮ ಎಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ನೋಂದಣಿ ಅಂದರೆ ಪಟ್ಟಿಯ ಪ್ರಾಣಿ ನಿಮ್ಮ ಬಳಿ ಇದೆ ಎಂಬ ಲೆಕ್ಕ, ಹಿಡಿಯಲು ಕೊಟ್ಟ ಪರವಾನಗಿ ಅಲ್ಲ. 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡದ ಒಳಗಂತೂ ಹೆಸರಿನ ಚರ್ಚೆಯೇ ಬರುವುದಿಲ್ಲ. ಕಾಯ್ದೆಯ 29ನೇ ಕಲಮಿನ ಪ್ರಕಾರ ಧಾಮದಿಂದ ಯಾವ ವನ್ಯಜೀವಿಯನ್ನೂ ಅನುಮತಿಯಿಲ್ಲದೆ ಹೊರಗೆ ತರುವಂತಿಲ್ಲ. ಅದಕ್ಕೆ ಲ್ಯಾಟಿನ್ ಹೆಸರಿರಲಿ, ಊರ ಹೆಸರಿರಲಿ, ಹೆಸರೇ ಇಲ್ಲದಿರಲಿ.

ಇನ್ನು ಮುಂದೆ

ಸೈಟಿಸ್ ಪಟ್ಟಿ ಎರಡು ಮೂರು ವರ್ಷಕ್ಕೊಮ್ಮೆ ನಡೆಯುವ ಸಭೆಗಳಲ್ಲಿ ಬದಲಾಗುತ್ತದೆ. ಇಂದು ಹೊರಗಿರುವ ಕುಲ ನಾಳೆ ಒಳಗೆ ಬರಬಹುದು. ಆಗ ‘ನಾನು ಕೊಂಡಾಗ ಪಟ್ಟಿಯಲ್ಲಿ ಇರಲಿಲ್ಲ’ ಎಂದು ತೋರಿಸಬೇಕಾದ ಹೊಣೆ ಸಾಕಿದವರ ಮೇಲೆ ಬೀಳುತ್ತದೆ. ತೋರಿಸಲು ಬೇಕಾಗುವುದು ಕೊಂಡ ದಿನಾಂಕದ ರಸೀದಿ, ಮಾರಿದವರು ಬರೆದುಕೊಟ್ಟ ಹೆಸರು ಇದ್ದಂತೆಯೇ, ಅದರ ಪಕ್ಕದಲ್ಲಿ ಈಗಿನ ವೈಜ್ಞಾನಿಕ ಹೆಸರು. ಮಾರಿದವರ ಚೀಟಿ ತಪ್ಪಾಗಿದ್ದರೂ ಅದನ್ನು ಹರಿದು ಎಸೆಯಬಾರದು. ತಪ್ಪು ಎಲ್ಲಿಂದ ಬಂತು ಎಂಬುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಪುಕ್ಕಟೆ ಸಾಕ್ಷಿಯನ್ನು ಜನ ಕಸಕ್ಕೆ ಹಾಕುತ್ತಾರೆ. ಟರಂಟುಲಾ ಬೆಳೆಯುವಾಗ ಪೊರೆ ಕಳಚುತ್ತದೆ. ದೊಡ್ಡ ಹೆಣ್ಣಿನ ಪೊರೆಯ ಒಳಭಾಗದಲ್ಲಿ ವೀರ್ಯಕೋಶದ ಆಕಾರ ಹಾಗೆಯೇ ಅಚ್ಚಾಗಿರುತ್ತದೆ. ಜೇಡವನ್ನು ಮುಟ್ಟದೆ, ಕೊಲ್ಲದೆ ಗುರುತು ಹಿಡಿಯಲು ತಜ್ಞರಿಗೆ ಅದು ಸಾಕಾಗುತ್ತದೆ. ಪೊರೆಯನ್ನು ದಿನಾಂಕ ಬರೆದ ಡಬ್ಬಿಯಲ್ಲಿ ಒಣಗಿಸಿ ಇಟ್ಟರೆ ವರ್ಷಗಳ ನಂತರವೂ ನೋಡಬಹುದು. ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಇರುವುದು ಪುಣೆಯಲ್ಲಿ. ಬೆಳಗಾವಿಯಿಂದ ಬೆಂಗಳೂರಿಗಿಂತ ಅದೇ ಹತ್ತಿರ.